ಸ್ಕಿಲ್ಲಾ ಬಂಡೆಯ ಎರಡನೆಯ ಹೆಣ್ಣು

ಸಿಸಿಲಿಗೆ ಎದುರಾಗಿ ಜಲಸಂಧಿಯ ದಡದಲ್ಲಿದ್ದ ಆ ಊರಿನ ಮಕ್ಕಳಿಗೆ ಸ್ಕಿಲ್ಲಾ ಎಂದರೆ ಹೆದರಿಕೆ ಇರಲಿಲ್ಲ. ಹೆದರುತ್ತಿದ್ದವರೆಲ್ಲ ಹೊರಗಿನವರು, ಕೊರಿಂಥದಿಂದಲೋ ಈಜಿನಾದಿಂದಲೋ ಹಡಗು ಹತ್ತಿ ಬಂದವರು. ಅವರಿಗೆ ಆಕೆ ಆರು ತಲೆಯ ರಾಕ್ಷಸಿ: ಬಾಯೊಂದಕ್ಕೆ ಮೂರು ಸಾಲು ಹಲ್ಲು, ಗವಿಯಿಂದ ಹೊರಕ್ಕೆ ಚಾಚುವ ಹಾವಿನಂಥ ಕತ್ತುಗಳು, ಕೆಳಗೆ ಜೋಲುವ ಹನ್ನೆರಡು ಕಾಲು, ನಾಯಿಮರಿ ಕುಂಯ್‌ಗುಟ್ಟಿದಂಥ ದನಿ. ಹಡಗು ಹತ್ತಿರ ಸುಳಿದರೆ ತಲೆಗೊಬ್ಬನಂತೆ ಆರು ಜನರನ್ನು ಎತ್ತಿಕೊಂಡುಬಿಡುವವಳು. ಊರಿನವರೂ ಇದನ್ನು ಸುಳ್ಳೆನ್ನುತ್ತಿರಲಿಲ್ಲ. ಆದರೆ ಅವರ ಮನೆಗಳು ಅವಳ ಬಂಡೆಯ ಬೆನ್ನಿಗೇ ಆತುಕೊಂಡಿದ್ದವು, ಅವರ ಬಲೆಗಳು ಅವಳ ಗೋಡೆಯ ಮೇಲೆಯೇ ಒಣಗುತ್ತಿದ್ದವು. ಒಂದೇ ಹಿತ್ತಿಲಿನ ನೆರೆಹೊರೆಯವರಲ್ಲಿ ಎಷ್ಟು ಸಲಿಗೆ, ಎಷ್ಟು ಅಂಕೆ ಇರುತ್ತದೋ ಅಷ್ಟು ಅವಳಿಗೂ ಅವರಿಗೂ ಇತ್ತು.

ಬೇಸಿಗೆಯ ಮೊದಲ ಕತ್ತಿಮೀನು ಸಿಕ್ಕ ದಿನ ಅದರ ಹೊಟ್ಟೆಯ ಕೊಬ್ಬಿದ ಭಾಗದಿಂದ ಆರು ತುಂಡು ಕೊಯ್ದು ಗವಿಯ ಬಾಯಲ್ಲಿ ಇಟ್ಟು ಬರುವುದು ರೂಢಿ. ಆರೂ ಒಂದೇ ಅಳತೆಯವು ಆಗಿರಬೇಕು.

“ಒಂದು ದೊಡ್ಡದು, ಒಂದು ಚಿಕ್ಕದು ಆದ್ರೆ ತಲೆಗಳು ತಮ್ಮತಮ್ಮಲ್ಲೇ ಕಚ್ಚಾಡ್ತಾವೆ. ಆಮೇಲೆ ಬಿಡಿಸೋರು ಯಾರು, ನಿಮ್ಮಪ್ಪನಾ?” ಎಂದು ಮುದುಕಿಯರು ಕೊಯ್ಯುವವರನ್ನು ಗದರುತ್ತಿದ್ದರು.

ಎದುರು ದಡದಲ್ಲಿ, ಸಿಸಿಲಿಯ ಮೂಲೆಯಲ್ಲಿ, ಇನ್ನೊಬ್ಬಳಿದ್ದಳು. ದಿನಕ್ಕೆ ಮೂರು ಸಲ ಕಡಲನ್ನು ಕುಡಿದು ಮೂರು ಸಲ ಕಾರುವ ಕರಿಬ್ಡಿಸ್. ಅವಳ ಜತೆ ಊರಿಗೆ ಮಾತುಕತೆ ಇರಲಿಲ್ಲ. ಈ ದಡದ ಬಳಿ ಏಳುತ್ತಿದ್ದ ಸಣ್ಣ ಸುಳಿಗಳಿಗೆ ‘ಕರಿಬ್ಡಿಸಳ ಮರಿಗಳು’ ಎಂದು ಹೆಸರಿಟ್ಟು ಅವುಗಳಿಂದ ದೂರ ಹುಟ್ಟು ಹಾಕುತ್ತಿದ್ದರು. ಹುಣ್ಣಿಮೆಯ ಸೆಳೆತ ಜೋರಾದಾಗ ಬೆಳಗ್ಗೆ ಮರಳಿನ ಮೇಲೆ ವಿಚಿತ್ರ ಮೀನುಗಳು ಬಿದ್ದಿರುತ್ತಿದ್ದವು. ಬೆರಳುದ್ದದ ಮೈ, ಬಾಯಿ ಮುಚ್ಚಲಾರದಷ್ಟು ಉದ್ದದ ಹಲ್ಲು, ಪಕ್ಕೆಯಗುಂಟ ಮಿಣುಕು ಚುಕ್ಕೆಗಳು. “ಕರಿಬ್ಡಿಸಳಿಗೆ ಅಜೀರ್ಣ! ಕರಿಬ್ಡಿಸಳಿಗೆ ಅಜೀರ್ಣ!” ಎಂದು ಮಕ್ಕಳು ಅವನ್ನು ಆಯ್ದುಕೊಂಡು ಕುಣಿಯುತ್ತಿದ್ದರು. ಹಾಗೆ ಕುಣಿದು ಬೆಳೆದವರಲ್ಲಿ ಮಿರ್ತೊ ಕೂಡ ಒಬ್ಬಳು.

ಅವಳ ಅಪ್ಪ ಅಲ್ಕೋನ ಊರಿನ ಕಾವಲುಗಣ್ಣು. ಕತ್ತಿಮೀನಿನ ಬೇಟೆ ನಡೆಯುವುದೇ ಕಾವಲುಗಾರನಿಂದ. ಕೆಳಗೆ ನೀರಲ್ಲಿ ಹತ್ತು ಹನ್ನೆರಡು ದೋಣಿ ಕಾಯುತ್ತಿರುತ್ತವೆ. ದೋಣಿಗಿಬ್ಬರು, ಒಬ್ಬ ಹುಟ್ಟು ಹಾಕುವವನು, ಇನ್ನೊಬ್ಬ ಮೂತಿಯಲ್ಲಿ ಈಟಿ ಹಿಡಿದು ನಿಂತವನು. ನೀರಿನ ಮಟ್ಟದಲ್ಲಿ ಇರುವವರಿಗೆ ಬಿಸಿಲಿನ ಝಳ ಬಿಟ್ಟರೆ ಏನೂ ಕಾಣದು. ಬಂಡೆಯ ನೆತ್ತಿಯಲ್ಲಿ ಕೂತವನಿಗೆ ಮಾತ್ರ ನೀರಿನೊಳಗೆ ಜಾರುವ ನೀಲಿ ನೆರಳು ಕಾಣುತ್ತದೆ. ಅವನು ಕೂಗಿದತ್ತ ದೋಣಿ ಹಾರಬೇಕು. ಅಲ್ಕೋನನ ದನಿ ಎಂಥದೆಂದರೆ, ಅವನು ಬಂಡೆಯ ಮೇಲೆ ಸೀನಿದರೆ ಸಿಸಿಲಿಯ ಆಡುಗಳು ತಲೆ ಎತ್ತುತ್ತವೆ ಎಂದು ಊರು ಹೇಳಿಕೊಳ್ಳುತ್ತಿತ್ತು.

ಮಿರ್ತೊಗೆ ಹದಿನೇಳು ತುಂಬಿದ ವಸಂತದಲ್ಲಿ ಆ ಕಣ್ಣಿಗೆ ಹಾಲಿನಂಥ ಪೊರೆ ಬಂತು. ಅಲ್ಕೋನ ಯಾರಿಗೂ ಹೇಳಲಿಲ್ಲ. ಮಗಳಿಗೆ ಗೊತ್ತಾದದ್ದು ಬಾರ್ಲಿ ರೊಟ್ಟಿಯ ಜತೆಗಿಟ್ಟ ಗಿಣ್ಣು ಎಂದುಕೊಂಡು ಅವನು ಬಿಳಿಯ ಕಲ್ಲನ್ನು ಕಚ್ಚಿದಾಗ.

“ಅಪ್ಪಾ, ಅದು ಕಲ್ಲು.”

“ಗೊತ್ತು ಬಿಡೆ. ಹಲ್ಲು ಗಟ್ಟಿ ಇದೆಯಾ ಅಂತ ನೋಡ್ತಿದ್ದೆ.”

“ಎಷ್ಟು ದಿನದಿಂದ ಕಾಣಿಸ್ತಿಲ್ಲ?”

ಅಲ್ಕೋನ ಕಲ್ಲನ್ನು ಕೆಳಗಿಟ್ಟ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ: “ನಿಂಗೆ ಕಾಣ್ಸುತ್ತಲ್ಲ, ಸಾಕು. ನೀನು ಊಟ ತಂದವಳ ಹಾಗೆ ಪಕ್ಕದಲ್ಲಿ ಕೂತಿರು. ಕಂಡಿದ್ದನ್ನ ಕಿವಿಯಲ್ಲಿ ಹೇಳು. ಕೂಗೋದು ನನ್ನ ಕೆಲಸ.”

ಹೀಗೆ ಎರಡು ಬೇಸಿಗೆ ಕಳೆಯಿತು. ಮಿರ್ತೊ ಪಿಸುಗುಟ್ಟುತ್ತಿದ್ದಳು, ಅಲ್ಕೋನ ಗುಡುಗುತ್ತಿದ್ದ, ದೋಣಿಗಳು ಓಡುತ್ತಿದ್ದವು. ಮೀನೇನೂ ಕಡಿಮೆಯಾಗಲಿಲ್ಲ, ತುಸು ಹೆಚ್ಚೇ ಬಿತ್ತು. “ಅಲ್ಕೋನಣ್ಣನ ಕಣ್ಣು ವಯಸ್ಸಾದಂಗೆಲ್ಲ ಚುರುಕಾಗ್ತಾ ಇದೆ!” ಎಂದು ದೋಣಿಯವರು ಬೆರಗಾದರು. ಮಿರ್ತೊಗೆ ಅದನ್ನು ಕೇಳಿ ನಗು ಬರುತ್ತಿತ್ತು, ಸ್ವಲ್ಪ ಸಿಟ್ಟೂ ಬರುತ್ತಿತ್ತು. ಅವಳಿಗೆ ಅಷ್ಟರಲ್ಲಿ ನೀರು ಬರೆದಿಟ್ಟ ಹಾಗೆ ಓದಲು ಬರುತ್ತಿತ್ತು: ಎಲ್ಲಿ ಸೆಳೆತ ಹರಿಯುತ್ತಿದೆ, ಎಲ್ಲಿ ಮರಿಸುಳಿ ಹೆಡೆ ಎತ್ತಲಿದೆ, ಎಣ್ಣೆ ಸುರಿದಂಥ ನುಣುಪು ಪಟ್ಟಿ ಎಲ್ಲಿ ಹಾಸಿದೆ, ಯಾವ ನೆರಳು ಕತ್ತಿಮೀನು, ಯಾವುದು ಡಾಲ್ಫಿನ್, ಯಾವುದು ಬರೀ ಮೋಡ.

ಮೂರನೆಯ ಬೇಸಿಗೆಯಲ್ಲಿ ಅಲ್ಕೋನನ ಗಂಟಲು ಕಟ್ಟಿತು. ನೆಗಡಿಯೋ, ನಲವತ್ತು ವರ್ಷ ಕೂಗಿದ ಸುಸ್ತೋ, ಒಂದು ಬೆಳಗ್ಗೆ ಬಾಯಿ ತೆರೆದರೆ ಕಪ್ಪೆಯ ದನಿ ಬಂತು. ಅದೇ ಗಳಿಗೆಗೆ ಕೆಳಗೆ ಜೋಡಿ ನೆರಳು. ಗಂಡು ಹೆಣ್ಣು ಎರಡೂ, ಒಂದೊಂದೂ ದೋಣಿಯಷ್ಟು ಉದ್ದ, ನೇರ ದೋಣಿಗಳ ನಡುವೆಯೇ ಬರುತ್ತಿವೆ. ಅಲ್ಕೋನ ಮಗಳ ಮೊಣಕೈ ಹಿಂಡಿದ. “ಕೂಗೇ,” ಎಂದ ಕಪ್ಪೆಯ ದನಿಯಲ್ಲೇ.

ಮಿರ್ತೊ ಎದ್ದು ನಿಂತಳು. “ಎಡಕ್ಕೆ! ಸೋಸಿಸ, ಎಡಕ್ಕೆ, ಮೂರು ಹುಟ್ಟು! ನಿಲ್ಲು! ಈಗ ಹಾಕು, ಕಾಲ ಕೆಳಗೇ ಇದೆ!”

ಅವಳ ದನಿ ಅಪ್ಪನದಕ್ಕಿಂತ ತೆಳು, ಆದರೆ ಹೊಸ ಚಾಕುವಿನ ಹಾಗೆ ಗಾಳಿಯನ್ನು ಸೀಳಿಕೊಂಡು ಹೋಯಿತು. ಸೋಸಿಸನೆಂಬ ಈಟಿಗಾರ ಯಾರು ಕೂಗಿದ್ದೆಂದು ಯೋಚಿಸುವ ಮೊದಲೇ ಅವನ ಕೈ ಈಟಿ ಎಸೆದಿತ್ತು. ಹಗ್ಗ ಸುಯ್ಯೆಂದು ಓಡಿತು. ಹೆಣ್ಣು ಮೀನು ಸಿಕ್ಕಿತು. ಗಂಡು ಅದನ್ನು ಬಿಟ್ಟು ಹೋಗಲಾರದೆ ಸುತ್ತುತ್ತಿತ್ತು, ಅದೂ ಸಿಕ್ಕಿತು. ಆಮೇಲೆ ಎಲ್ಲರೂ ತಲೆ ಎತ್ತಿ ನೋಡಿದರು. ಬಂಡೆಯ ನೆತ್ತಿಯಲ್ಲಿ ಲಂಗ ಗಾಳಿಗೆ ಪಟಪಟ ಬಡಿಯುತ್ತ ಹುಡುಗಿಯೊಬ್ಬಳು ನಿಂತಿದ್ದಳು.

ಅಂದು ದಡದಲ್ಲಿ ಮೀನು ಕೊಯ್ಯುವುದಕ್ಕಿಂತ ಜಗಳವೇ ಜಾಸ್ತಿ ಆಯಿತು. ದೋಣಿಗಳ ಹಿರಿಯ ಡೆಕ್ಸಿಯಾಸ. ಮನುಷ್ಯ ಕೆಟ್ಟವನಲ್ಲ, ಆದರೆ ತಾನು ಹೇಳಿದ್ದೇ ಕೊನೆಯ ಮಾತು ಆಗದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

“ಎರಡು ವರ್ಷ ನಮ್ಮನ್ನ ಕುರಿ ಮಾಡಿದ್ದಾರೆ ಅಪ್ಪ ಮಗಳು,” ಎಂದ ಅವನು. “ಬಂಡೆ ಮೇಲೆ ಹೆಂಗಸು ಕೂರೋದು ಎಲ್ಲಾದ್ರೂ ಉಂಟಾ?”

“ಉಂಟಲ್ಲ ಮಾವ, ಆಗ್ಲೇ ಒಬ್ಬಳು ಕೂತಿದ್ದಾಳೆ,” ಎಂದ ಸೋಸಿಸ ಮೀನಿನ ಕತ್ತಿ ಒರೆಸುತ್ತ. “ಆರು ತಲೆಯವಳು.”

“ಅದಕ್ಕೇ ಹೇಳೋದು! ಒಂದು ಬಂಡೆಗೆ ಒಬ್ಬಳು ಸಾಕು. ಇವಳನ್ನೂ ಕೂರ್ಸಿದ್ರೆ ಏಳು ತಲೆ ಆಗುತ್ತೆ. ಯಾರ್ಯಾರಿಗೆ ಉತ್ತರ ಕೊಡೋದು?”

ದಡವೆಲ್ಲ ನಕ್ಕಿತು. ಮಿರ್ತೊಗೆ ಮುಖ ಬೆಂಕಿಯಾಯಿತು. “ಡೆಕ್ಸಿಯಾಸ್ ಮಾವ, ಹೋದ ವರ್ಷ ನೀವು ಹೊಡೆದ ಆ ದೊಡ್ಡ ಮೀನಿದೆಯಲ್ಲ, ಬಾಯಿ ತೆರೆದ್ರೆ ಅದ್ರ ಕತೆನೇ ಹೇಳ್ತೀರಿ. ಅದನ್ನ ಕಂಡಿದ್ದು ಯಾರ ಕಣ್ಣು ಅಂದ್ಕೊಂಡ್ರಿ?”

ಈ ಸಲ ನಕ್ಕವರು ಬೇರೆಯವರು. ಡೆಕ್ಸಿಯಾಸ ಗಡ್ಡ ಎಳೆದುಕೊಂಡ. ನಾಳೆಯಿಂದ ತಾನೇ ಬಂಡೆ ಹತ್ತುವುದಾಗಿ, ಅಲ್ಕೋನ ಗಂಟಲಿಗೆ ಜೇನು ಹಚ್ಚಿಕೊಂಡು ಮನೆಯಲ್ಲಿರಬೇಕೆಂದು ತೀರ್ಮಾನ ಕೊಟ್ಟುಬಿಟ್ಟ.

ಮೊದಲ ದಿನ ಡೆಕ್ಸಿಯಾಸ ಒಂಬತ್ತು ದೋಣಿಗಳನ್ನು ಒಂದು ಮೋಡದ ನೆರಳಿನ ಹಿಂದೆ ಓಡಿಸಿದ. ಎರಡನೆಯ ದಿನ ಡಾಲ್ಫಿನ್‌ಗಳ ಹಿಂಡನ್ನು ನೋಡಿ ಕೂಗಿ ಕೂಗಿ ಕುಣಿದ. ಅವು ದೋಣಿಗಳ ಸುತ್ತ ಹಾರಿ ಆಡಿಕೊಂಡು ಹೋದವು. ಮೂರನೆಯ ದಿನ ಬಿಸಿಲಿಗೆ ನಿದ್ದೆ ಹತ್ತಿತು. ಗೊರಕೆ ಬಂಡೆಯ ಗವಿಯಲ್ಲಿ ಮೊಳಗಿ ಕೆಳಗಿನವರಿಗೆ ಕೇಳಿಸಿದಾಗ ಒಬ್ಬ ಹುಟ್ಟುಗಾರ ಗಾಬರಿಯಿಂದ ನೀರಿಗೇ ಬಿದ್ದ. ಸಂಜೆ ಬಂಡೆ ಇಳಿದ ಡೆಕ್ಸಿಯಾಸ, ಮೇಲಿನ ಕಲ್ಲು ಸರಿಯಿಲ್ಲ, ಕೂತರೆ ಬೆನ್ನು ಹಿಡಿಯುತ್ತದೆ ಎಂದ.

“ಹೌದಪ್ಪ,” ಎಂದ ಅಲ್ಕೋನ ಮನೆಯ ಬಾಗಿಲಲ್ಲಿ ಕೂತು. ಜೇನಿಗೆ ಗಂಟಲು ಅರ್ಧ ಬಿಟ್ಟಿತ್ತು. “ಮೀನು ಕಾಣದವನಿಗೆ ಕಲ್ಲು ಡೊಂಕು.”

ನಾಲ್ಕನೆಯ ದಿನ ಸೆಳೆತ ವಿಪರೀತವಾಗಿತ್ತು. ಹುಣ್ಣಿಮೆ ಕಳೆದು ಒಂದೇ ದಿನ. ದೋಣಿಗಳನ್ನು ಮರಳಿಗೆ ಎಳೆದು ಕಟ್ಟಿ ಗಂಡಸರು ಊರ ಆ ಬದಿಯ ನೆರಳಲ್ಲಿ ಹಗ್ಗ ಹೊಸೆಯುತ್ತಿದ್ದರು. ಅಪ್ಪ ಮೇಲೆ ಮರೆತು ಬಂದಿದ್ದ ಕುರಿಚರ್ಮದ ಹಾಸು ತರುವ ನೆಪದಲ್ಲಿ ಮಿರ್ತೊ ಬಂಡೆ ಹತ್ತಿದಳು. ನೆಪವೇ ಸರಿ, ಹಾಸು ಯಾರಿಗೂ ಬೇಕಿರಲಿಲ್ಲ. ಮೂರು ದಿನ ನೀರು ನೋಡದೆ ಅವಳ ಕಣ್ಣು ಹಸಿದಿದ್ದವು.

ನೆತ್ತಿ ಮುಟ್ಟಿದವಳು ಕೆಳಗೆ ನೋಡಿದರೆ ಒಂದು ಹಡಗು. ಹೊಟ್ಟೆ ಉಬ್ಬಿದ ಸರಕಿನ ಹಡಗು, ಹಾಯಿ ಸುತ್ತಿಟ್ಟು ಹುಟ್ಟಿನ ಮೇಲೆ ಬರುತ್ತಿದೆ. ಎದುರು ದಡದ ಕರಿಬ್ಡಿಸಳಿಗೆ ಹೆದರಿ ಈ ಬಂಡೆಯ ಮಗ್ಗುಲಿಗೇ ಅಂಟಿಕೊಂಡು ಬಂದಿದೆ. ಎಲ್ಲರನ್ನೂ ಕಳೆದುಕೊಳ್ಳುವುದಕ್ಕಿಂತ ಆರು ಜನ ಹೋದರೂ ಸರಿ ಎಂಬುದು ಹೊರಗಿನ ಹಡಗುಗಳ ಹಳೆಯ ಲೆಕ್ಕ. ಆ ಲೆಕ್ಕದಲ್ಲಿ ಕರಿಬ್ಡಿಸಳ ಮರಿಗಳು ಇರಲಿಲ್ಲ. ಬಂಡೆಯ ಬುಡದಲ್ಲಿ ಒಂದು ಮರಿಸುಳಿ ಆಗಲೇ ಹಡಗಿನ ಮೂತಿ ಹಿಡಿದಿತ್ತು. ಹಡಗು ಗಾಣದೆತ್ತಿನಂತೆ ನಿಧಾನಕ್ಕೆ ತಿರುಗುತ್ತ, ಒಂದೊಂದು ಸುತ್ತಿಗೂ ಬಂಡೆಯ ಹಲ್ಲುಗಳಿಗೆ ಹತ್ತಿರವಾಗುತ್ತಿತ್ತು. ಹುಟ್ಟುಗಾರರು ಸುಳಿಗೆ ಎದುರಾಗಿ ಎಳೆಯುತ್ತಿದ್ದರು. ಅದೇ ತಪ್ಪು, ಎದುರು ಎಳೆದಷ್ಟೂ ಅದು ಬಿಗಿಯುತ್ತದೆ.

“ಎದುರು ಎಳೀಬೇಡಿ!” ಎಂದು ಮಿರ್ತೊ ಕೂಗಿದಳು.

ಕೆಳಗೆ ಹಡಗಿನಲ್ಲಿ ಸಿಡಿಲು ಬಿದ್ದಂತಾಯಿತು. ಸ್ಕಿಲ್ಲಾಳ ಬಂಡೆಯ ಮೇಲಿಂದ ಹೆಣ್ಣು ದನಿ! ಮೂತಿಯಲ್ಲಿ ಎರಡು ಭರ್ಜಿ ಹಿಡಿದು ನಿಂತಿದ್ದ ನಾವಿಕ ಎರಡನ್ನೂ ಮೇಲಕ್ಕೆ ಎಸೆದ. ಎರಡೂ ಬಂಡೆಗೆ ತಗಲಿ ನೀರಿಗೆ ಬಿದ್ದವು. ಹುಟ್ಟುಗಾರರು ಹುಟ್ಟು ಬಿಟ್ಟು ಬೆಂಚಿನ ಕೆಳಗೆ ತೂರಿದರು. ಯಾರೋ ಒಬ್ಬ, “ತಾಯಿ, ಅಡುಗೆಯವನು ದಪ್ಪಗಿದ್ದಾನೆ, ಅವನೊಬ್ಬನೇ ಆರು ಜನಕ್ಕೆ ಸಮ!” ಎಂದು ಅಂಗಲಾಚಿದ.

ಮಿರ್ತೊ ಇನ್ನೂ ಜೋರಾಗಿ ಕೂಗಿದಳು. ಅವಳು ಕೂಗಿದಷ್ಟೂ ಅವರು ಬೆಂಚಿನ ಕೆಳಗೆ ಒತ್ತೊತ್ತಾಗಿ ಸೇರಿಕೊಂಡರು. ಹಡಗು ಮತ್ತೊಂದು ಸುತ್ತು ಬಂತು. ಹಿಂಬದಿಯ ಚುಕ್ಕಾಣಿ ಬಂಡೆಗೆ ತಾಗಿ ಕಿರ್ರೆಂದಿತು. ಊರಿಗೆ ಓಡಿ ಗಂಡಸರನ್ನು ಕರೆತರಲು ಹೊತ್ತಿಲ್ಲ. ಆಗ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಡೆಕ್ಸಿಯಾಸನ ಮೇಲೆ ನಾಲ್ಕು ದಿನ ನುಂಗಿಕೊಂಡಿದ್ದ ಸಿಟ್ಟೂ ಸೇರಿತು.

“ಲೋ ಮುಠ್ಠಾಳರಾ! ನಿಮ್ಮ ಮನೆ ಹಾಳಾಗ! ಮೀಸೆ ಹೊತ್ತ ಗಂಡಸರು ಬೆಂಚಿನ ಕೆಳಗೆ ಕೋಳಿ ಕೂತಂಗೆ ಕೂತಿದ್ದೀರಲ್ರೋ, ಮೊಟ್ಟೆ ಇಡ್ತೀರಾ? ನಿಮ್ಮನ್ನ ಹೆತ್ತವಳು ಹೊಟ್ಟೆಗೆ ಹಾಕಿ ಬೆಳೆಸಿದ್ದು ಇದಕ್ಕಾ? ಏಳ್ರೋ ಮೇಲೆ! ಆ ಗಡ್ಡದವನೇ, ಬಾಯಿ ಮುಚ್ಚು, ನೊಣ ಹೋಗುತ್ತೆ! ಚುಕ್ಕಾಣಿ ಹಿಡಿ!”

ಹಡಗಿನ ಅಡುಗೆಯವನು ನಿಜಕ್ಕೂ ದಪ್ಪಗಿದ್ದ. ಅವನು ಸಾರಿನ ಪಾತ್ರೆಯ ಹಿಂದಿನಿಂದ ಮೆಲ್ಲಗೆ ತಲೆ ಎತ್ತಿ ಕಿವಿಗೊಟ್ಟು ಕೇಳಿದ.

“ಏಳ್ರೋ!” ಎಂದು ಕೂಗಿಕೊಂಡ. “ಇದು ರಾಕ್ಷಸಿ ಅಲ್ಲ! ರಾಕ್ಷಸಿ ಆಗಿದ್ರೆ ತಿಂತಿದ್ಲು, ಬೈತಿರ್ಲಿಲ್ಲ. ನಮ್ಮಮ್ಮ ಹಿಂಗೇ ಬೈಯೋದು! ಇದು ಮನುಷ್ಯರ ಹೆಣ್ಣು ಕಣ್ರೋ!”

“ನಿಮ್ಮಮ್ಮಂಗೆ ಒಳ್ಳೇದಾಗ್ಲಿ!” ಎಂದಳು ಮಿರ್ತೊ ಮೇಲಿನಿಂದ. “ಈಗ ಎಲ್ರೂ ಹುಟ್ಟು ಹಿಡೀರಿ. ಸುಳಿ ಜತೆಗೇ ತಿರುಗಿ, ಎದುರು ಬೇಡ. ಬಿಡಿ, ಅದೇ ತಿರುಗಿಸ್ಲಿ. ನಾನು ಹೇಳೋತನಕ ಯಾರೂ ಎಳೀಬೇಡಿ.”

ಹುಟ್ಟುಗಳು ನೀರ ಮೇಲೆ ಎತ್ತಿ ನಿಂತವು. ಹಡಗು ಒಂದು ಸುತ್ತು ಹೋಯಿತು. ಮಿರ್ತೊ ಸುಳಿಯ ಆಚೆ ಹಾಸಿದ್ದ ನುಣುಪು ನೀರಿನ ಪಟ್ಟಿಯನ್ನು ನೋಡುತ್ತಿದ್ದಳು. ಅದು ಸುಳಿಯ ಅಂಚಿಗೆ ಬಂದು ತಾಗಿ ಹಿಂದೆ ಸರಿಯುತ್ತಿತ್ತು, ಬಂದು ತಾಗಿ ಸರಿಯುತ್ತಿತ್ತು. ಎರಡನೆಯ ಸುತ್ತಿನಲ್ಲಿ ಹಡಗಿನ ಮೂತಿಯೂ ಪಟ್ಟಿಯೂ ಒಂದೇ ಗಳಿಗೆಗೆ ಕೂಡುವುದನ್ನು ಕಂಡಳು.

“ಬಲಗಡೆಯವರು ಮಾತ್ರ! ಎಳೀರಿ! ಎಳೀರಿ! ಈಗ ಎಲ್ರೂ! ನಿಮ್ಮಮ್ಮ ಮಾಡಿದ ಅಡುಗೆ ನೆನಪು ಮಾಡ್ಕೊಂಡು ಎಳೀರೋ!”

ಹಡಗು ನರಳಿತು, ಮೈ ಮುರಿಯಿತು, ಸುಳಿಯಿಂದ ಕಿತ್ತುಕೊಂಡು ನುಣುಪು ನೀರಿಗೆ ಜಾರಿತು. ಆಮೇಲೆ ಸೆಳೆತವೇ ಅದನ್ನು ಹೊತ್ತು ಊರಿನ ಮರಳಿನ ಬದಿಗೆ ತಂದಿತು. ಅರಚಾಟ ಕೇಳಿ ಓಡಿ ಬಂದಿದ್ದ ಗಂಡಸರು ಸೊಂಟದವರೆಗೆ ನೀರಿಗಿಳಿದು ಹಗ್ಗ ಹಿಡಿದರು. ಮುಂದಿದ್ದವನು ಡೆಕ್ಸಿಯಾಸನೇ.

ಬಂಡೆಯ ನೆತ್ತಿಯಲ್ಲಿ ಮಿರ್ತೊ ಅಪ್ಪನ ಹಾಸಿನ ಮೇಲೆ ಕೂತಳು. ಅಳು ಬರುತ್ತದೆ ಎಂದುಕೊಂಡರೆ ನಗು ಬಂತು. ಒಬ್ಬಳೇ ಕೂತು ಪಕ್ಕೆ ಹಿಡಿದು ನಕ್ಕಳು.

ಅಂದು ಮಧ್ಯಾಹ್ನ ಊರಿಗೆ ಊರೇ ದಡದಲ್ಲಿ ಉಂಡಿತು. ಹಡಗಿನ ಒಡೆಯ, ಆ ಗಡ್ಡದವನು, ಈಜಿನಾದ ಫೈಡಿಮ. ತನ್ನ ಸರಕಿನಿಂದಲೇ ದ್ರಾಕ್ಷಾರಸದ ನಾಲ್ಕು ಜಾಡಿ ಇಳಿಸಿ ಮುಚ್ಚಳ ಒಡೆಸಿದ. ಊರಿನವರು ಉಪ್ಪಿಟ್ಟ ಕತ್ತಿಮೀನನ್ನು ಕೆಂಡದ ಮೇಲಿಟ್ಟರು. ದಪ್ಪ ಅಡುಗೆಯವನು ಅದಕ್ಕೆ ಕಾಡುಸೊಪ್ಪು ಅರೆದು ಹಚ್ಚಲು ಹೋದಾಗ ಊರ ಹೆಂಗಸರು ಅವನ ಕೈಯಿಂದ ಸೌಟು ಕಸಿದುಕೊಂಡರು. ತನ್ನನ್ನು ಸ್ಕಿಲ್ಲಾಳಿಗೆ ಒಪ್ಪಿಸಲು ನೋಡಿದವನು ಯಾರೆಂದು ಅವನು ಹಡಗಿನವರನ್ನೆಲ್ಲ ಒಬ್ಬೊಬ್ಬನನ್ನಾಗಿ ವಿಚಾರಿಸಿದ. ಯಾರೂ ಬಾಯಿ ಬಿಡಲಿಲ್ಲ. ಒಬ್ಬ ಮಾತ್ರ ಇಡೀ ಹೊತ್ತು ಅವನ ತಟ್ಟೆಗೆ ತುಂಡು ಮೇಲೆ ತುಂಡು ಬಡಿಸುತ್ತಿದ್ದ.

ಫೈಡಿಮ ಮಿರ್ತೊಳ ಎದುರು ನಿಂತು ಎರಡು ಕೈ ಎತ್ತಿ ದೇವರಿಗೆ ಹೇಳುವಂತೆ ಹೇಳಿದ: “ಅಮ್ಮಾ, ಹನ್ನೆರಡು ಸಲ ಈ ದಾರಿಯಲ್ಲಿ ಬಂದಿದ್ದೀನಿ. ಹನ್ನೆರಡು ಸಲವೂ ಕಣ್ಣು ಮುಚ್ಕೊಂಡೇ ದಾಟಿದ್ದೀನಿ. ಒಂದು ಕೇಳ್ತೀನಿ, ನಿಜ ಹೇಳು. ನೀನು ಅವಳನ್ನ ನೋಡಿದ್ದೀಯಾ?”

“ನಾನು ಅವಳ ತಲೆ ಮೇಲೆ ಕೂರೋಳು, ಅಣ್ಣ. ಛಾವಣಿ ಮೇಲೆ ಕೂತವರಿಗೆ ಮನೆ ಒಳಗಿರೋರು ಹೆಂಗೆ ಕಾಣ್ತಾರೆ?” ಎಂದಳು ಮಿರ್ತೊ.

ಫೈಡಿಮ ಡೆಕ್ಸಿಯಾಸನ ಕಡೆ ತಿರುಗಿದ. “ನಿಮ್ಮ ಊರಿನ ಬುದ್ಧಿಗೆ ಶರಣು ಸ್ವಾಮಿ. ಇಂಥ ಕಣ್ಣನ್ನ, ಇಂಥ ಬಾಯನ್ನ ಹುಡುಕಿ ಅಲ್ಲಿ ಕೂರಿಸಿದ್ದೀರಲ್ಲ! ಬೇರೆ ಊರಲ್ಲಾಗಿದ್ರೆ ಹೆಣ್ಣು ಅಂತ ಕೆಳಗಿಳಿಸಿ ಯಾವನೋ ಮಂಕನ್ನ ಹತ್ತಿಸ್ತಿದ್ರು.”

ಎಲ್ಲರೂ ತಮ್ಮ ಬಟ್ಟಲನ್ನೇ ನೋಡುತ್ತ ಕೂತರು. ಸೋಸಿಸನ ಭುಜ ಮಾತ್ರ ಕುಲುಕುತ್ತಿತ್ತು. ಡೆಕ್ಸಿಯಾಸ ಕೆಮ್ಮಿದ. ಒಂದು ಗುಟುಕು ಕುಡಿದ. ಇನ್ನೊಂದು ಸಲ ಕೆಮ್ಮಿದ.

“ಏನು ಮಾಡೋದಪ್ಪ,” ಎಂದ ಗಂಭೀರವಾಗಿ, “ಹಿರಿಯ ಅಂದ ಮೇಲೆ ನಾಲ್ಕು ದಿಕ್ಕು ಯೋಚನೆ ಮಾಡ್ಬೇಕಾಗುತ್ತೆ. ನಾನೇ ಮೂರು ದಿನ ಮೇಲೆ ಕೂತು ಪರೀಕ್ಷೆ ಮಾಡಿ ನೋಡ್ದೆ. ಆ ಕಲ್ಲು ಗಂಡಸರ ಬೆನ್ನಿಗೆ ಹೇಳಿ ಮಾಡಿಸಿದ್ದಲ್ಲ. ನಾಳೆಯಿಂದ ಅವಳೇ.”

ಅಲ್ಕೋನ ಅಷ್ಟು ನಕ್ಕನೆಂದರೆ ಗಂಟಲು ಪೂರ್ತಿ ಬಿಟ್ಟಿತು. ಅವನು ಸೀನಿದ್ದೂ ಆಯಿತು. ಸಿಸಿಲಿಯ ಆಡುಗಳ ಸುದ್ದಿ ಮಾತ್ರ ಯಾರಿಗೂ ತಿಳಿಯಲಿಲ್ಲ.

ಆ ಬೇಸಿಗೆ ಮುಗಿಯುವ ಹೊತ್ತಿಗೆ ಮಿರ್ತೊಗೆ ಸ್ಕಿಲ್ಲಾ ಎಂಬ ಅಡ್ಡಹೆಸರು ಗಟ್ಟಿಯಾಗಿ ಅಂಟಿತು. ಮೊದಲು ಅಣಕಕ್ಕೆ ಕರೆದರು, ಆಮೇಲೆ ಅಭ್ಯಾಸಕ್ಕೆ, ಕೊನೆಗೆ ಹೆಮ್ಮೆಗೆ. ಮೀನು ಹಂಚುವಾಗ “ಕೆಳಗಿನ ಸ್ಕಿಲ್ಲಾಗೆ ಆರು ತುಂಡು, ಮೇಲಿನ ಸ್ಕಿಲ್ಲಾಗೆ ಒಂದು” ಎಂದು ಕೂಗುವುದು ಕ್ರಮವೇ ಆಯಿತು.

ಸೋಸಿಸ ಅವಳನ್ನು ಕೇಳಿದ ರೀತಿಯನ್ನು ಊರು ಬಹಳ ಕಾಲ ಹೇಳಿಕೊಂಡು ನಕ್ಕಿತು. ದ್ರಾಕ್ಷಿ ಕೊಯ್ಲಿನ ಹೊತ್ತು. ಅವನು ಬಂಡೆ ಹತ್ತಿ ಬಂದ, ಏದುಸಿರು ಬಿಡುತ್ತ ಒಂದು ಬುಟ್ಟಿ ಅಂಜೂರ ಇಟ್ಟ. ನೀರಲ್ಲಿ ಎಂಥ ಮೀನಿಗೂ ಅಂಜದವನಿಗೆ ಬಂಡೆಯ ತುದಿಯಲ್ಲಿ ತಲೆ ಸುತ್ತುತ್ತಿತ್ತು. ಕೆಳಗೆ ನೋಡದೆ, ಕಣ್ಣು ಮುಚ್ಚಿಕೊಂಡೇ ಶುರು ಮಾಡಿದ.

“ಕತ್ತಿಮೀನು ನೋಡಿದ್ದೀಯಲ್ಲ. ಹೆಣ್ಣಿಗೆ ಈಟಿ ಬಿದ್ರೆ ಗಂಡು ಬಿಟ್ಟು ಹೋಗಲ್ಲ.”

“ಗೊತ್ತು. ಗಂಡಿಗೆ ಬಿದ್ರೆ ಹೆಣ್ಣು ಹೊರಟುಹೋಗುತ್ತೆ. ಅದೂ ನೋಡಿದ್ದೀನಿ.”

ಸೋಸಿಸ ಒಂದು ಕಣ್ಣು ತೆರೆದ. ಈ ಅರ್ಧವನ್ನು ಅವನು ಯೋಚಿಸಿರಲಿಲ್ಲ. “ಸರಿ,” ಎಂದ ಕೊನೆಗೆ. “ನೀನು ಹೋಗೋದಾದ್ರೆ ಹೋಗು. ನಾನಂತೂ ಇರ್ತೀನಿ.”

“ಎಲ್ಲಿರ್ತೀಯಾ, ಇಲ್ಲೇನಾ? ನಿಂಗೆ ಇಲ್ಲಿಂದ ಇಳಿಯೋಕೇ ಬರಲ್ವಲ್ಲೋ,” ಎಂದಳು ಮಿರ್ತೊ. ಅವನ ಕೈ ಹಿಡಿದು ಒಂದೊಂದೇ ಮೆಟ್ಟಿಲು ತೋರಿಸಿ ಕೆಳಗೆ ಇಳಿಸಿದಳು. ದಡ ಮುಟ್ಟಿದ ಮೇಲೂ ಕೈ ಬಿಡಲಿಲ್ಲ. ನೋಡಿದ ಹೆಂಗಸರಿಗೆ ಅಷ್ಟು ಸಾಕಾಯಿತು. ಚಳಿಗಾಲಕ್ಕೆ ಮದುವೆ ಆಯಿತು.

ಅಲ್ಕೋನ ಮುಂದೆ ಹನ್ನೊಂದು ವರ್ಷ ಬದುಕಿದ. ಕಣ್ಣು ಪೂರ್ತಿ ಹೋದರೂ ದಿನವೂ ದಡಕ್ಕೆ ಬಂದು ಕೂರುತ್ತಿದ್ದ. ಮಗಳ ಕೂಗು ಕೇಳಿದೊಡನೆ, “ಈಗ ಎಡಕ್ಕೆ ಹೊರಳಿತು… ಈಗ ಹಗ್ಗ ಓಡ್ತಿದೆ,” ಎಂದು ಮೊಮ್ಮಕ್ಕಳಿಗೆ ಇಡೀ ಬೇಟೆಯನ್ನು ಕಂಡವನ ಹಾಗೆ ಹೇಳುತ್ತಿದ್ದ. ಅವನು ಹೇಳಿದ್ದರಲ್ಲಿ ತಪ್ಪು ಇರುತ್ತಿದ್ದುದು ಅಪರೂಪ. ಡೆಕ್ಸಿಯಾಸನೂ ಮುದುಕನಾಗಿ ಪಕ್ಕದಲ್ಲೇ ಕೂತು, ಹೆಣ್ಣನ್ನು ಬಂಡೆ ಹತ್ತಿಸಿದ್ದು ತಾನೇ ಎಂದು ಹೊರಗಿನವರಿಗೆ ಹೇಳುತ್ತಿದ್ದ. ಯಾರೂ ಇಲ್ಲವೆನ್ನುತ್ತಿರಲಿಲ್ಲ.

ಮಿರ್ತೊಗೆ ಮೂವರು ಹೆಣ್ಣುಮಕ್ಕಳು. ಮೂವರಿಗೂ ಗಟ್ಟಿ ಗಂಟಲು, ಆದರೆ ಕಣ್ಣು ಬಂದದ್ದು ನಡುವಿನವಳಿಗೆ, ಕ್ಲಿಯೋಗೆ. ತೊಟ್ಟಿಲಲ್ಲೇ ಮಿರ್ತೊ ಅದನ್ನು ಕಂಡುಕೊಂಡಿದ್ದಳಂತೆ. ಗೋಡೆಯ ಮೇಲಿನ ಹಲ್ಲಿ ಓಡುವ ಮೊದಲೇ ಮಗು ಆ ಕಡೆ ನೋಡುತ್ತಿತ್ತಂತೆ. ಮೂವತ್ತೆಂಟು ಬೇಸಿಗೆ ಕೂಗಿದ ಮೇಲೆ ಮಿರ್ತೊ ಮಗಳನ್ನು ಕಲ್ಲಿನ ಮೇಲೆ ಕೂರಿಸಿ ತಾನು ಇಳಿದಳು. ಈ ಸಲ ದಡದಲ್ಲಿ ಯಾರೂ ಜಗಳ ಆಡಲಿಲ್ಲ. ಆಡಬಹುದಿತ್ತು ಎಂಬುದೇ ಹೊಸಬರಿಗೆ ಗೊತ್ತಿರಲಿಲ್ಲ.

ಕೆಳಗಿಳಿದ ಮೊದಲ ವಾರ ಅವಳಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಅಂಗಳ ಗುಡಿಸಿದಳು, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಎಂಟನೆಯ ಬೆಳಗ್ಗೆ ಸೋಸಿಸ ಈಟಿ ಹೆಗಲಿಗೇರಿಸಿ ಹೊರಟಾಗ ಪೊರಕೆ ಮೂಲೆಗೆ ಎಸೆದಳು.

“ನಾನೂ ಬರ್ತೀನಿ.”

“ಎಲ್ಲಿಗೆ?”

“ದೋಣಿಗೆ. ಹುಟ್ಟು ಹಾಕ್ತೀನಿ.”

ಮೂವತ್ತೆಂಟು ವರ್ಷ ದೋಣಿಗಳನ್ನು ಅಟ್ಟಾಡಿಸಿದವಳು ಒಂದು ದಿನವೂ ಬೇಟೆಯ ದೋಣಿಯಲ್ಲಿ ಕೂತವಳಲ್ಲ. ಸೋಸಿಸ ತಲೆ ಕೆರೆದುಕೊಂಡ, ನಕ್ಕ, ಅವಳಿಗೆ ಹುಟ್ಟು ಕೊಟ್ಟ. ಉಳಿದ ದೋಣಿಗಳವರು ಶಿಳ್ಳೆ ಹಾಕಿದರು. “ಸ್ಕಿಲ್ಲಾ ನೀರಿಗಿಳಿದ್ಲು! ಡಾಲ್ಫಿನ್‌ಗಳೇ, ಮನೆಗೆ ಹೋಗಿ!” ಎಂದೊಬ್ಬ ಕೂಗಿದ.

ಕಡಲು ಅಂದು ಶಾಂತವಾಗಿತ್ತು. ಮಿರ್ತೊ ದೋಣಿಯ ಮೂತಿಗೆ ಬೆನ್ನು ಹಾಕಿ ಕೂತು, ಹುಟ್ಟು ಹಿಡಿದು ನೀರನ್ನು ನೋಡಿದಳು. ಮತ್ತೆ ನೋಡಿದಳು. ಬಗ್ಗಿ ನೋಡಿದಳು. ಕಣ್ಣು ಕೋರೈಸುವ ಬೆಳಕು, ಅದರ ಕೆಳಗೆ ಬರೀ ಹಸಿರು ಕತ್ತಲೆ. ಮೇಲಿಂದ ಬರೆದಿಟ್ಟಂತೆ ಕಾಣುತ್ತಿದ್ದ ನೀರು ಇಲ್ಲಿ ಒಂದಕ್ಷರವೂ ಓದಲು ಬಾರದು.

“ಏನೂ ಕಾಣ್ತಿಲ್ಲವಲ್ಲೋ ಸೋಸಿಸ!”

“ನಮಗೆ ಯಾವತ್ತು ಕಂಡಿತ್ತು?” ಎಂದ ಅವನು ಮೂತಿಯಲ್ಲಿ ನಿಂತುಕೊಂಡೇ. “ಇಷ್ಟು ವರ್ಷ ಕುರುಡರ ಹಾಗೆ ನಿನ್ನ ಬಾಯಿ ನಂಬ್ಕೊಂಡು ಓಡಿದ್ದೀವಿ. ನೀನು ಎಡ ಅಂದ್ರೆ ಎಡ, ಬಲ ಅಂದ್ರೆ ಬಲ. ಮನೇಲೂ ಅದೇ ಆಯ್ತು ಬಿಡು.”

ಮಿರ್ತೊ ತಲೆ ಎತ್ತಿ ಬಂಡೆಯ ನೆತ್ತಿಯನ್ನು ನೋಡಿದಳು. ತಾನು ಹಾಯಾಗಿ ಕೂತು ಕೂಗಿದ ಒಂದೊಂದು ಮಾತಿಗೂ ಕೆಳಗೆ ಇಷ್ಟು ಜನ ಕಾಣದ ನೀರಿಗೆ ಎದೆ ಕೊಟ್ಟು ಹೋಗಿದ್ದರೆಂಬುದು ಅವಳಿಗೆ ಆ ತನಕ ಹೊಳೆದಿರಲಿಲ್ಲ.

ಅಷ್ಟರಲ್ಲಿ ಬಂಡೆಯ ಮೇಲಿಂದ ಕ್ಲಿಯೋಳ ದನಿ ಬಂತು, ತೆಳುವಾದದ್ದು, ಹರಿತವಾದದ್ದು:

“ಅಮ್ಮಾ! ಬಲಕ್ಕೆ! ಬಲ ಅಂದ್ರೆ ನಿನ್ನ ಬಲ ಅಲ್ಲ, ದೋಣಿ ಬಲ! ಅಯ್ಯೋ, ಯಾರಮ್ಮಾ ನಿಂಗೆ ಹುಟ್ಟು ಕೊಟ್ಟಿದ್ದು?”

“ಬೈಬೇಡ್ವೇ, ಎಳೀತಿದ್ದೀನಿ!”

“ಇನ್ನೂ ಬಲಕ್ಕೆ! ನಿಲ್ಲು! ಅಪ್ಪಾ, ನಿನ್ನ ಎಡಗಾಲ ಕೆಳಗೆ!”

ಸೋಸಿಸನ ಕೈ ಹೋಯಿತು, ಹಗ್ಗ ಓಡಿತು. ದೋಣಿಯ ಪಕ್ಕದಲ್ಲಿ ನೀರು ಒಡೆದು ಮೀನು ಮೇಲೆದ್ದಿತು. ನೀಲಿ ಬೆನ್ನು, ಬೆಳ್ಳಿಯ ಹೊಟ್ಟೆ, ಆಳುದ್ದದ ಕತ್ತಿ, ಬಟ್ಟಲಿನಷ್ಟು ದೊಡ್ಡ ಕಪ್ಪು ಕಣ್ಣು. ಮೂವತ್ತೆಂಟು ವರ್ಷ ನೆರಳಾಗಿ ಕಂಡದ್ದು ಅವಳ ಮುಖದೆದುರು ಮೈಯಾಗಿ ಹಾರಿತು. ಬಾಲ ಬಡಿದ ಹೊಡೆತಕ್ಕೆ ಮಿರ್ತೊ ನೆತ್ತಿಯಿಂದ ಕಾಲಿನವರೆಗೆ ತೊಯ್ದುಹೋದಳು, ಹುಟ್ಟು ಕೈಜಾರಿ ನೀರಿಗೆ ಬಿತ್ತು. ಹಗ್ಗ ಹಿಡಿದ ದೋಣಿಯನ್ನು ಮೀನು ಎಳೆದುಕೊಂಡು ಹೊರಟಿತು, ಜಲಸಂಧಿಯುದ್ದಕ್ಕೂ, ಬಿಸಿಲಲ್ಲಿ, ಎರಡೂ ದಡಕ್ಕೆ ಕೇಳುವಷ್ಟು ಜೋರಾಗಿ ಮಿರ್ತೊ ನಗುತ್ತಿದ್ದಂತೆ.